ಸರಿಸಮ ಮಾಸ್ಟರೂ ಆರು ಹಾರುಕೋಳಿಗಳೂ

ನಲವತ್ತು ವರ್ಷ ಕತ್ತರಿ ಹಿಡಿದವರ ಕಣ್ಣಿಗೆ ಲೋಕದಲ್ಲಿ ಇರುವುದೆಲ್ಲ ಎರಡು ತೋಳಿನದಾಗಿಯೇ ಕಾಣುತ್ತದೆ. ಬಲಗಡೆ ಎಷ್ಟಿದೆಯೋ ಎಡಗಡೆಯೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಊಟ ಸೇರುವುದಿಲ್ಲ. ನಮ್ಮ ಟೈಲರ್ ಮಾಸ್ಟರಿಗೆ ಈ ಕಾಯಿಲೆ ಹತ್ತಿದ್ದು ಹದಿನೆಂಟನೆಯ ವಯಸ್ಸಿನಲ್ಲಿ, ಈಗ ಅರವತ್ತೊಂದಾದರೂ ಬಿಟ್ಟಿಲ್ಲ. ಗಿರಾಕಿಗೆ ಕೋಟು ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, "ಸರಿಸಮ ಇದೆಯಲ್ವಾ?" ಎಂದು ಕೇಳುವುದು ಅವರ ಪದ್ಧತಿ. ಕೇಳಿ ಕೇಳಿ ಜನ ಅವರಿಗೆ ಸರಿಸಮ ಮಾಸ್ಟರು ಎಂದೇ ಹೆಸರಿಟ್ಟುಬಿಟ್ಟರು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಫೋಟೋ ನೇರ ಮಾಡಿ ಆಮೇಲೆ ಕುರ್ಚಿಯಲ್ಲಿ ಕೂರುವ ಮನುಷ್ಯ.

"ನನ್ನ ಹುಬ್ಬು ಒಂದು ಮೇಲೆ ಒಂದು ಕೆಳಗೆ ಇದೆ. ಮೂವತ್ತು ವರ್ಷದಿಂದ ಬಾಯಿಬಿಟ್ಟು ಹೇಳಿಲ್ಲ, ಆದ್ರೆ ಮದುವೆ ದಿನಾನೇ ಅಳತೆ ತಗೊಂಡಿದ್ದಾರೆ, ನಂಗೊತ್ತು" ಎಂದು ಅವರ ಹೆಂಡತಿ ಎಲ್ಲರೆದುರು ಆಡಿಕೊಳ್ಳುತ್ತಿದ್ದಳು. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಮುದ್ರೆ ಒತ್ತಿ ಒತ್ತಿ ಮಾತೂ ಹಾಗೆಯೇ ಆಗಿತ್ತು, ಒಂದೇ ಏಟಿಗೆ ಸ್ಪಷ್ಟವಾಗಿ ಬೀಳುತ್ತಿತ್ತು.

ಅಂಗಡಿಯ ಕಟ್ಟಡ ಕೆಡವಿದ ಮೇಲೆ ಮಾಸ್ಟರು ಹೊಲಿಗೆ ಯಂತ್ರವನ್ನು ಮನೆಯ ಹಿಂದಿನ ಕೋಣೆಗೆ ತಂದಿಟ್ಟುಕೊಂಡರು. ಬಟ್ಟೆ ಕತ್ತರಿಸುವ ಎರಡು ಮೇಜುಗಳಲ್ಲಿ ಒಂದು ಒಳಗೆ ಹಿಡಿಸಿತು. ಇನ್ನೊಂದನ್ನು ಹಿತ್ತಲಿನ ಗೋಡೆಗೆ ಒತ್ತರಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಇಟ್ಟರು. ಯಂತ್ರದ ಮುಂದೆ ಕೂತರೆ ಕಿಟಕಿಯಿಂದ ಹಿತ್ತಲು ಪೂರ್ತಿ ಕಾಣುತ್ತದೆ: ಬಟ್ಟೆ ಒಣಗಿಸುವ ತಂತಿ, ನಲ್ಲಿ, ಒಂದು ನಿಂಬೆ ಗಿಡ, ಎದೆಯೆತ್ತರದ ಗೋಡೆ. ಗೋಡೆಯಾಚೆ ಸಸಿಯಮ್ಮನವರ ಜಾಗ. ತರಕಾರಿ ಸಸಿಗಳನ್ನು ಟ್ರೇಗಳಲ್ಲಿ ಎಬ್ಬಿಸಿ ತೋಟದವರಿಗೆ ಮಾರುವುದು ಅವರ ಕಸುಬು. ಒಂದೊಂದು ಗುಳಿಗೆ ಒಂದೊಂದು ಬೀಜ ಇಟ್ಟು, ಮಗುವಿಗೆ ಔಷಧಿ ಹಾಕುವವರಂತೆ ನೀರು ಹನಿಸುವ ಹೆಂಗಸು. ಹದಿನೈದು ವರ್ಷದ ನೆರೆಹೊರೆಯಲ್ಲಿ ಎರಡು ಮನೆಯ ನಡುವೆ ಒಂದು ಒಡಕು ಮಾತು ಬಂದಿರಲಿಲ್ಲ.

ಅಕ್ಕ ಬರುವವರೆಗೆ.

ಅಕ್ಕ ಎಂದರೆ ಮಾಸ್ಟರಿಗಿಂತ ಎಂಟು ವರ್ಷ ದೊಡ್ಡವಳು. ತಾಯಿ ಹಾಸಿಗೆ ಹಿಡಿದಾಗ ತಮ್ಮನನ್ನು ಎಡಗಡೆ ಸೊಂಟದ ಮೇಲೆ ಹೊತ್ತವಳು ಅವನು ಶಾಲೆಗೆ ಹೋಗುವವರೆಗೂ ಇಳಿಸಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಕಲಿಸಿದವಳೂ ಅವಳೇ. ಆ ಹೊರೆಗೋ ಏನೋ, ಅವಳ ಎಡ ಭುಜ ಅರ್ಧ ಅಂಗುಲ ಇಳಿದೇ ನಿಂತುಬಿಟ್ಟಿತು. ಮಾಸ್ಟರು ಟೈಲರಾದ ದಿನದಿಂದ ಅಕ್ಕನ ಪ್ರತಿ ಅಂಗಿಗೂ ಎಡ ಭುಜದೊಳಗೆ ಒಂದು ಮೆತ್ತೆ ಇಟ್ಟು ಹೊಲಿಯುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಎರಡು ಭುಜವೂ ಸರಿಸಮ. ಈ ಗುಟ್ಟು ಗೊತ್ತಿದ್ದದ್ದು ಅಕ್ಕ ತಮ್ಮ ಇಬ್ಬರಿಗೇ.

ತಮ್ಮ ತನ್ನ ಕಾಲ ಮೇಲೆ ನಿಂತ ಮೇಲೆ ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡಳು. ಹಾಸ್ಟೆಲುಗಳಲ್ಲಿ ಅಡುಗೆ ಮಾಡಿದಳು, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಾಡಿದಳು, ರಸ್ತೆ ಹಾಕುವವರ ಕ್ಯಾಂಪಿನಲ್ಲೂ ಮಾಡಿದಳು. ಎಲ್ಲಿಯೂ ವರ್ಷ ಪೂರ್ತಿ ನಿಂತವಳಲ್ಲ. "ಇಲ್ಲಿ ಎಲ್ಲ ಚೆನ್ನಾಗಿದೆ ಪುಟ್ಟಾ, ಅದಕ್ಕೇ ಹೊರಟೆ" ಎಂದು ಒಮ್ಮೆ ಕಾಗದ ಬರೆದಿದ್ದಳು. ಮಾಸ್ಟರು ಅಂಗಡಿ ತೆರೆದ ವರ್ಷ ಅವಳಿಗೊಂದು ಕ್ಯಾನ್ವಾಸ್ ಚೀಲ ಹೊಲಿದುಕೊಟ್ಟಿದ್ದರು. ಎರಡು ಹಿಡಿ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಿಡಿ ಚೀಲಕ್ಕೆ ಸೇರುವ ಕಡೆ ಚೌಕ ಹೊಲಿಗೆ, ಚೌಕದೊಳಗೆ ಅಡ್ಡಡ್ಡ ಇಂಟು ಗುರುತು, ಆನೆ ಕಟ್ಟಿದರೂ ಕಿತ್ತುಬರುವಂಥದ್ದಲ್ಲ. ಅಕ್ಕನ ಸಂಸಾರವೆಲ್ಲ ಆ ಚೀಲವೇ.

ಕೊನೆಗೆ ಗುಡ್ಡದ ಮೇಲೊಂದು ಒಂಟಿ ಮನೆ ಬಾಡಿಗೆಗೆ ಹಿಡಿದು ಕೋಳಿ ಸಾಕಿಕೊಂಡಿದ್ದಳು. ಆರು ತಿಂಗಳ ಹಿಂದೆ ಅಲ್ಲಿ ಜಾರಿ ಬಿದ್ದಳು. ಬಚ್ಚಲ ಬಾಗಿಲಲ್ಲಿ ಎರಡು ಹಗಲು ಬಿದ್ದುಕೊಂಡೇ ಇದ್ದಳು, ಗ್ಯಾಸ್ ಸಿಲಿಂಡರ್ ತಂದವನು ಕೂಗಿ ಕೂಗಿ ಒಳಗೆ ಇಣುಕುವವರೆಗೆ. ಮೂಳೆ ಕೂಡಿತು. ಆದರೆ ಆ ಎರಡು ಹಗಲು ಮಾಸ್ಟರ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದುಬಿಟ್ಟಿತು. ಅಕ್ಕ ಬಿದ್ದಿದ್ದ ಹೊತ್ತಿನಲ್ಲಿ ತಾನು ಯಾರದೋ ಮಕ್ಕಳ ಶಾಲೆಯ ಅಂಗಿಗೆ ಕಾಜ ಹೊಲಿಯುತ್ತ ಹಾಡು ಗುನುಗುತ್ತಿದ್ದೆನಲ್ಲ ಎಂದು ನೆನೆದಾಗಲೆಲ್ಲ ಅವರ ಕೈ ನಿಲ್ಲುತ್ತಿತ್ತು.

"ಬಂದುಬಿಡು ಅಕ್ಕ, ನಮ್ಮ ಜೊತೆಗೇ ಇರು" ಎಂದು ಹೋಗಿ ಕರೆದರು.

"ನಾನು ಬಂದ್ರೆ ಕೋಳಿಗಳೂ ಬರ್ಬೇಕು" ಎಂದಳು ಅಕ್ಕ.

"ಬರ್ಲಿ ಬಿಡು, ಆರು ಕೋಳಿ ತಾನೇ!"

ಆರು ಕೋಳಿ ತಾನೇ ಎಂದವರಿಗೆ ಕೋಳಿಯ ಜಾತಿ ಕೇಳಬೇಕು ಎನ್ನುವುದು ಹೊಳೆದಿರಲಿಲ್ಲ. ಕೋಳಿಗಳಲ್ಲೂ ಕೂತಲ್ಲೇ ಕೂರುವ ದಪ್ಪ ಜಾತಿ ಬೇರೆ, ನೆಲದ ಮೇಲೆ ಕಾಲೇ ನಿಲ್ಲದ ಹಗುರ ಜಾತಿ ಬೇರೆ. ಅಕ್ಕನವು ಎರಡನೆಯವು. ಬೆಳ್ಳಗೆ, ತೆಳ್ಳಗೆ, ಎಲೆ ಬಿದ್ದರೂ ಬೆಚ್ಚುವಂಥವು. ಅವುಗಳ ನಾಯಕಿಯನ್ನು ಅಕ್ಕ ದೊರೆಸಾನಿ ಎಂದು ಕರೆಯುತ್ತಿದ್ದಳು. ದೊರೆಸಾನಿಯ ಕೆಂಪು ಜುಟ್ಟು ಎಡಗಣ್ಣಿನ ಮೇಲೆ ಟೋಪಿಯಂತೆ ವಾಲಿಕೊಂಡಿತ್ತು. ಮಾಸ್ಟರು ಅದನ್ನು ಮೊದಲು ಕಂಡಾಗ ಬೆರಳಿನಿಂದ ನೆಟ್ಟಗೆ ಮಾಡಲು ಹೋಗಿ ಕುಕ್ಕಿಸಿಕೊಂಡರು.

ಅಕ್ಕ ತನಗೆ ಕೊಟ್ಟ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ಚೀಲ ತೂಗುಹಾಕಿದಳು. ಬಟ್ಟೆ ತೆಗೆದು ಬೀರುವಿನಲ್ಲಿಡಲಿಲ್ಲ. ದಿನವೂ ಬೇಕಾದ್ದನ್ನು ಚೀಲದಿಂದಲೇ ತೆಗೆದು, ಒಗೆದು, ಮಡಿಸಿ, ಮತ್ತೆ ಚೀಲಕ್ಕೇ ಹಾಕುತ್ತಿದ್ದಳು.

"ಅತ್ತಿಗೆ, ಬೀರು ಖಾಲಿ ಇದೆ" ಎಂದು ಮಾಸ್ಟರ ಹೆಂಡತಿ ಹೇಳಿದಳು.

"ಇರ್ಲಿ ಬಿಡಮ್ಮ, ಅದೂ ಸ್ವಲ್ಪ ಉಸಿರಾಡ್ಲಿ" ಎಂದು ಅಕ್ಕ ನಕ್ಕಳು.

ಬಂದ ಮರುದಿನವೇ ಕೋಳಿಗಳು ಗೋಡೆ ಹಾರಿದವು. ಆಚೆ ಸಸಿಯಮ್ಮನವರ ಟ್ರೇಗಳು, ಮೆತ್ತನೆ ಹಸಿ ಗೊಬ್ಬರದ ಪುಡಿ, ಕೆದಕಲೆಂದೇ ಯಾರೋ ಹದ ಮಾಡಿ ಇಟ್ಟಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಪ್ಪತ್ತು ದಿನದ ಟೊಮೇಟೊ ಸಸಿಗಳು ಹತ್ತು ನಿಮಿಷದಲ್ಲಿ ಬೇರು ಮೇಲಾಗಿ ಬಿದ್ದವು. ಮಾಸ್ಟರು ಕೈಮುಗಿದು ಕ್ಷಮೆ ಕೇಳಿದರು. ಎರಡನೆಯ ಸಲ ಸಸಿಯಮ್ಮ ಅವರ ಮುಖ ಕೂಡ ನೋಡಲಿಲ್ಲ. ಅಟ್ಟಿಕೊಂಡು ಬಂದು ಗೂಡಿಗೆ ಹಾಕಿದರೆ ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ ಇನ್ನೊಂದು ದಿಕ್ಕಿನಿಂದ ಮತ್ತೆ ಹಾಜರು. ಇಡೀ ದಿನ ಗೂಡಿನಲ್ಲೇ ಕೂಡಿಹಾಕೋಣವೆಂದರೆ ಅವು ಒಂದನ್ನೊಂದು ಕುಕ್ಕಿಕೊಂಡು ರಕ್ತ ಮಾಡಿಕೊಂಡವು. ಎರಡು ವಾರ ಹೀಗೇ ಸಾಗಿ, ಒಂದು ಭಾನುವಾರ ಬದನೆ ಸಸಿಯ ಟ್ರೇಯೊಂದು ಮಗುಚಿ ಬಿದ್ದಾಗ ಸಸಿಯಮ್ಮ ಗೋಡೆಯ ಬಳಿ ಬಂದು ನಿಂತರು.

"ಮಾಸ್ಟ್ರೇ, ಹಿಂದಿನಿಂದ ಮಾತಾಡೋಳಲ್ಲ ನಾನು, ಮುಖಕ್ಕೇ ಹೇಳ್ತೀನಿ. ಬರೋ ಶನಿವಾರ ಮುನ್ನೂರು ಟ್ರೇ ಒಯ್ಯೋಕೆ ಗಾಡಿ ಬರುತ್ತೆ. ಮೂರು ತಿಂಗಳ ದುಡಿಮೆ ಅದು. ಅಷ್ಟರೊಳಗೆ ಇವು ಇನ್ನೊಂದು ಸಲ ಬಂದ್ರೆ, ದಯವಿಟ್ಟು ಇವನ್ನ ಬೇರೆ ಎಲ್ಲಿಗಾದ್ರೂ ಕಳಿಸಿಬಿಡಿ."

ಅದರಲ್ಲಿ ಒಂದು ತಪ್ಪು ಮಾತಿರಲಿಲ್ಲ. ಮಾಸ್ಟರು "ಆಗ್ಲಮ್ಮ" ಎಂದರು. ಹಿಂದೆ ತಿರುಗಿದರೆ ಅಕ್ಕ ನಿಂತಿದ್ದಳು.

"ನ್ಯಾಯವಾಗೇ ಇದೆ ಅವರ ಮಾತು" ಎಂದಳು. "ಕೋಳಿ ಹೋಗೋದಾದ್ರೆ ನಾನೂ ಹೊರಟೆ ಪುಟ್ಟಾ. ಜೊತೆಗೆ ಬಂದವ್ರು ಜೊತೆಗೇ ಹೋಗ್ತೀವಿ. ಗುಡ್ಡದ ಮನೆ ಇನ್ನೂ ಖಾಲಿ ಇದೆಯಂತೆ."

"ಕೋಳಿಗೋಸ್ಕರ ಮತ್ತೆ ಆ ಒಂಟಿ ಮನೆಗೆ ಹೋಗ್ತೀಯಾ?"

"ಕೋಳಿಗೋಸ್ಕರ ಅಲ್ವೋ. ನನ್ನಿಂದ ನಿಂಗೆ ನೆರೆಯವರ ಜೊತೆ ಮನಸ್ತಾಪ ಬೇಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾಸ್ಟರಿಗೆ ಧೈರ್ಯವಾದರೂ ಇರುತ್ತಿತ್ತು. ಅಕ್ಕ ಸಮಾಧಾನವಾಗಿ ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ಆ ಸಂಜೆ ಅವಳ ಹಳೆಯ ಅಂಗಿಯ ಮೆತ್ತೆ ಸರಿಮಾಡುವ ನೆಪದಲ್ಲಿ ಭುಜಕ್ಕೆ ಟೇಪು ಹಿಡಿದರೆ, ಅರ್ಧ ಅಂಗುಲ ಇಳಿದಿದ್ದ ಭುಜ ಈಗ ಒಂದು ಅಂಗುಲ ಇಳಿದಿತ್ತು. ಮಾಸ್ಟರಿಗೆ ನಿಜಕ್ಕೂ ಭಯವಾಯಿತು.

ಸೋಮವಾರ ಬೆಳಿಗ್ಗೆಯೇ ಬಲೆ ಕೊಂಡುತಂದರು. ಎರಡು ದಿನ ಅಳೆದೂ ಸುರಿದೂ ಗೋಡೆಯ ಮೇಲೆ ಮೂರು ಅಡಿ ಎತ್ತರಕ್ಕೆ ಬಲೆ ಎಬ್ಬಿಸಿದರು. ಬಲೆಯ ತುಂಡುಗಳನ್ನು ನೈಲಾನ್ ದಾರದಿಂದ ಹೊಲಿದ ಕೆಲಸ ನೋಡಿದರೆ ಅದನ್ನು ಯಾರಿಗಾದರೂ ತೊಡಿಸಬಹುದಿತ್ತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಲೆಯ ಮೇಲಂಚು ಸಡಿಲವಾಗಿ ಅಲ್ಲಾಡುತ್ತಿತ್ತು. ಅಂಚು ಮಡಿಸದೆ ಬಿಟ್ಟ ಬಟ್ಟೆಯನ್ನು ಮಾಸ್ಟರು ಜನ್ಮದಲ್ಲಿ ಗಿರಾಕಿಯ ಕೈಗೆ ಕೊಟ್ಟವರಲ್ಲ. ಉದ್ದಕ್ಕೂ ಒಂದು ಮರದ ಪಟ್ಟಿ ಜೋಡಿಸಿ, ಬಲೆಯನ್ನು ಅದಕ್ಕೆ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ದಾರ ಹಿಡಿದು ಎಳೆದಷ್ಟು ನೇರ.

ಬುಧವಾರ ಬೆಳಿಗ್ಗೆ ದೊರೆಸಾನಿ ಗೋಡೆ ಬದಿಯ ಹಳೆ ಮೇಜು ಹತ್ತಿದಳು, ತಲೆಯೆತ್ತಿ ಮೇಲೆ ನೋಡಿದಳು, ಪಟ್ಟಿ ಕಂಡಿತು. ಪಟಪಟನೆ ಹಾರಿ ಅದರ ಮೇಲೆ ಕೂತೇಬಿಟ್ಟಳು. ಹಿಂದೆಯೇ ಉಳಿದ ಐದೂ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಇರಬೇಕು. ಪುಣ್ಯಕ್ಕೆ ಸಸಿಯಮ್ಮ ನೀರಿನ ಪೈಪು ಹಿಡಿದು ಅಲ್ಲೇ ಇದ್ದರು, ಆರನ್ನೂ ತೋಯಿಸಿ ಹಿಂದಕ್ಕಟ್ಟಿದರು.

"ಇವತ್ತು ನಾನಿದ್ದೆ, ಸರಿಹೋಯ್ತು. ಟ್ರೇ ತನಕ ಬರ್ಲಿಲ್ಲ, ಲೆಕ್ಕಕ್ಕಿಲ್ಲ ಅಂದ್ಕೋತೀನಿ" ಎಂದರು. ಮಾಸ್ಟರು ಇಂಗು ತಿಂದ ಮಂಗನಂತೆ ನಿಂತರು.

ಮಧ್ಯಾಹ್ನ ಕೋಳಿ ಆಹಾರದ ಅಂಗಡಿಗೆ ಹೋಗಿ ಗೋಳು ತೋಡಿಕೊಂಡರು. ಅಂಗಡಿಯವನು ಯಾರಿಗೋ ಮೂಟೆ ತೂಗುತ್ತ, ತಿರುಗಿಯೂ ನೋಡದೆ ಹೇಳಿದ: "ಅಯ್ಯೋ, ರೆಕ್ಕೆ ಕತ್ತರಿಸಿ ಸ್ವಾಮಿ. ತುದೀದು ಹತ್ತು ಗರಿ. ಉಗುರು ಕತ್ತರಿಸಿದ ಹಾಗೆ, ನೋವೇನೂ ಆಗಲ್ಲ. ಬಲಿತ ಗರಿ ಮಾತ್ರ, ಎಳೇದು ಮುಟ್ಟಬೇಡಿ, ರಕ್ತ ಬರುತ್ತೆ."

ಈ ಮಾತಿನಲ್ಲೇ ಎಡವಟ್ಟಾದದ್ದು. ನಮ್ಮ ಭಾಷೆಯಲ್ಲಿ ರೆಕ್ಕೆ ಎಂದರೆ ಒಂದೂ ಆಗಬಹುದು, ಎರಡೂ ಆಗಬಹುದು. ಬೇರೆ ಯಾರಾದರೂ ಆಗಿದ್ದರೆ "ಒಂದಾ, ಎರಡಾ?" ಎಂದು ಕೇಳುತ್ತಿದ್ದರೋ ಏನೋ. ಆದರೆ ನಲವತ್ತು ವರ್ಷದಿಂದ ಗಿರಾಕಿಗಳು ಮಾಸ್ಟರಿಗೆ "ತೋಳು ಸ್ವಲ್ಪ ಕಡಿಮೆ ಮಾಡಿ" ಎನ್ನುತ್ತ ಬಂದಿದ್ದಾರೆ. ಯಾವ ತೋಳು ಎಂದು ಅವರು ಒಬ್ಬರನ್ನೂ ಕೇಳಿಲ್ಲ.

ಗುರುವಾರ ಹಿತ್ತಲಿನಲ್ಲಿ ಸ್ಟೂಲು ಹಾಕಿ ಕೂತರು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಆ ಕತ್ತರಿಗೆ ಬಟ್ಟೆ ಬಿಟ್ಟು ಬೇರೇನೂ ಸೋಕಬಾರದು ಎನ್ನುವುದು ಮನೆಯ ಕಾಯಿದೆ. ಒಮ್ಮೆ ಹೆಂಡತಿ ಅದರಲ್ಲಿ ದಿನಪತ್ರಿಕೆ ಕತ್ತರಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಕೆಲಸಕ್ಕೆ ಹೊರಟಿದ್ದ ಆಕೆ ಹಿತ್ತಲ ಬಾಗಿಲಲ್ಲಿ ನಿಂತು ಕತ್ತರಿಯನ್ನೂ ಗಂಡನ ಮುಖವನ್ನೂ ನೋಡಿದಳು. ಆಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೂ ಏನೂ ಅನ್ನದೆ ಚಪ್ಪಲಿ ಮೆಟ್ಟಿ ಹೋದಳು.

ಅಕ್ಕ ಒಂದೊಂದೇ ಕೋಳಿಯನ್ನು ಕಂಕುಳಲ್ಲಿ ಅವುಚಿ ಹಿಡಿದುಕೊಟ್ಟಳು. ಗುಡ್ಡದ ಮೇಲೆ ನೆರೆಯೂ ಇರಲಿಲ್ಲ, ಹೊರೆಯೂ ಇರಲಿಲ್ಲ, ಅವಳು ಯಾವತ್ತೂ ರೆಕ್ಕೆ ಕತ್ತರಿಸಿದವಳಲ್ಲ. ಮಾಸ್ಟರು ರೆಕ್ಕೆ ಬಿಡಿಸಿ, ಟೇಪು ಹಿಡಿದು, ಸೀಮೆಸುಣ್ಣದಿಂದ ಗೆರೆ ಎಳೆದು, ಹತ್ತು ಗರಿ ಬಲಕ್ಕೆ, ಹತ್ತು ಗರಿ ಎಡಕ್ಕೆ ಕತ್ತರಿಸಿದರು. ಬಿಳಿಯ ಮೇಲೆ ಬಿಳಿಯ ಗೆರೆ ಕಾಣದೆ ಆಮೇಲೆ ನೀಲಿ ಸುಣ್ಣದ ಬಿಲ್ಲೆ ತಂದರು. ಆರೂ ಕೋಳಿ ಮುಗಿದಾಗ ಸಾಲಾಗಿ ನಿಲ್ಲಿಸಿದರೆ ಸಮವಸ್ತ್ರ ತೊಟ್ಟ ಶಾಲೆಯ ಮಕ್ಕಳಂತಿದ್ದವು.

"ಸರಿಸಮ ಇದೆಯಲ್ವಾ?" ಎಂದು ಬಾಯಿತಪ್ಪಿ ಕೇಳಿಯೇಬಿಟ್ಟರು.

"ಯಾರನ್ನ ಕೇಳ್ತಿದೀಯ, ನನ್ನನ್ನೋ ದೊರೆಸಾನೀನೋ?" ಎಂದು ಅಕ್ಕ ನಕ್ಕಳು. ಆ ನಗು ಕೇಳಿ ಮಾಸ್ಟರಿಗೆ ಇನ್ನೇನು ಗೆದ್ದೆ ಎನಿಸಿತು.

ಅಂದೆಲ್ಲ ಕೋಳಿಗಳು ಅವಮಾನವಾದವರಂತೆ ನಿಂಬೆ ಗಿಡದ ಕೆಳಗೆ ಮುದುರಿ ಕೂತಿದ್ದವು. ಶುಕ್ರವಾರ ಬೆಳಿಗ್ಗೆ ಮಾಸ್ಟರು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ದೊರೆಸಾನಿ ಮೇಜಿನ ಮೇಲೆ ಹತ್ತಿದಳು. ಮೊದಲಿನಂತೆ ಹಗುರವಾಗಿ ಅಲ್ಲ, ಬಹಳ ಕಷ್ಟಪಟ್ಟು, ಎರಡರಷ್ಟು ವೇಗವಾಗಿ ರೆಕ್ಕೆ ಬಡಿದು ಬಡಿದು ಮೇಲೇರಿದಳು. ಆದರೂ ಏರಿದಳು. ಪಟ್ಟಿಯ ಮೇಲೆ ಒಂದು ಗಳಿಗೆ ನಿಂತು ಆಚೆ ಧುಮುಕಿದಳು. ಉಳಿದವು ಸಾಲಾಗಿ ಹಿಂಬಾಲಿಸಿದವು. ಮಾಸ್ಟರು ಎಣ್ಣೆ ಡಬ್ಬಿ ಬಿಟ್ಟು ಓಡುವಷ್ಟರಲ್ಲಿ ಆಚೆ ಟ್ರೇ ಮಗುಚಿದ ಸದ್ದು ಕೇಳಿಸಿತು.

ಅವರು ಹಿತ್ತಲಲ್ಲಿ ನಿಂತೇ ಇದ್ದರು. ಮಾತು ಕೊಟ್ಟಾಗಿತ್ತು. ಒಳಗೆ ಮೊಳೆಯಿಂದ ಚೀಲ ತೆಗೆದ ಸಪ್ಪಳ. ಅಕ್ಕ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಮಡಿಸುವುದು ತುಂಬುವುದು ಏನೂ ಇರಲಿಲ್ಲ, ಎಲ್ಲ ಅದರೊಳಗೇ ಇತ್ತು.

ಪಕ್ಕದ ಗೇಟು ಕಿರುಗುಟ್ಟಿತು. ದೊರೆಸಾನಿಯನ್ನು ಕಂಕುಳಲ್ಲಿಟ್ಟುಕೊಂಡು ಸಸಿಯಮ್ಮ ಬಂದರು. ಮುಖ ಕೆಂಪಾಗಿತ್ತು. ಮಾತಿಗೆ ಬಾಯಿ ತೆರೆದವರು ಕೋಳಿ ಕೊಸರಾಡಿ ರೆಕ್ಕೆ ಬಿಚ್ಚಿದಾಗ ಅದನ್ನು ನೋಡಿದರು. ಇನ್ನೊಂದು ರೆಕ್ಕೆ ಬಿಡಿಸಿ ಅದನ್ನೂ ನೋಡಿದರು.

"ಇದನ್ನ ಯಾರು ಕತ್ತರಿಸಿದ್ದು?"

"ನಾನೇ" ಎಂದರು ಮಾಸ್ಟರು.

"ಎರಡೂ ಕಡೆ?"

"ಎರಡೂ ಕಡೆ. ಅಳತೆ ಇಟ್ಟೇ ಕತ್ತರಿಸಿದೀನಿ. ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ಲ."

ಸಸಿಯಮ್ಮ ನಗಲು ಶುರು ಮಾಡಿದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕೊನೆಗೆ ಕೋಳಿಯನ್ನು ಅಕ್ಕನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತೇ ನಕ್ಕರು. "ಅಯ್ಯೋ ಮಾಸ್ಟ್ರೇ, ಮಾಸ್ಟ್ರೇ! ಎರಡೂ ಸಮ ಇದ್ರೆ ಹಾರುತ್ತೆ ಕಣ್ರೀ! ಗಿಡ್ಡ ಆದ್ರೂ ಸಮ ಇದ್ರೆ ತೂಕ ತಪ್ಪಲ್ಲ, ಒದ್ದಾಡಿಕೊಂಡಾದ್ರೂ ಹಾರುತ್ತೆ. ಒಂದೇ ಕಡೆ ಕತ್ತರಿಸ್ಬೇಕು. ಆಗ ಎದ್ದರೆ ವಾಲುತ್ತೆ, ವಾಲಿದ್ರೆ ಬೀಳುತ್ತೆ, ಎರಡು ಸಲ ಬಿದ್ದ ಮೇಲೆ ತಾನೇ ಸುಮ್ಮನಾಗುತ್ತೆ. ನಮ್ಮಪ್ಪನ ಮನೇಲಿ ನಲವತ್ತು ಕೋಳಿ ಇದ್ವು, ನಾನೇ ಹಿಡೀತಿದ್ದೆ."

ಮಾಸ್ಟರು ದೊರೆಸಾನಿಯ ಎರಡೂ ರೆಕ್ಕೆಗಳನ್ನು ನೋಡಿದರು. ನಲವತ್ತು ವರ್ಷ ಅನ್ನ ಕೊಟ್ಟ ವಿದ್ಯೆಯೇ ಅಕ್ಕನನ್ನು ಬಾಗಿಲವರೆಗೆ ತಂದು ನಿಲ್ಲಿಸಿತ್ತಲ್ಲ ಎಂದು ಅವರಿಗೆ ನಗುವೂ ಬಂತು, ಅಳುವೂ ಬಂತು.

"ಇನ್ನೊಂದು" ಎಂದು ಸಸಿಯಮ್ಮ ಕಣ್ಣೊರೆಸಿಕೊಳ್ಳುತ್ತ ಎದ್ದರು. "ಆ ಪಟ್ಟಿ ಯಾಕೆ ಹಾಕಿದ್ರಿ? ಕೋಳಿಗೆ ಕೂರೋಕೆ ಅಂಚು ಕಂಡ್ರೆ ಸಾಕು, ಹಾರುತ್ತೆ. ಅಂಚು ಕಾಣದೆ ಬಲೆ ಜೋಲಾಡ್ತಿದ್ರೆ ಎಲ್ಲಿ ಇಳೀಬೇಕು ಅಂತ ಗೊತ್ತಾಗದೆ ಹೆದರುತ್ತೆ. ಈ ಮೇಜನ್ನೂ ಗೋಡೆಯಿಂದ ದೂರ ಎಳೀರಿ. ಏಣಿ ನೀವೇ ಕೊಟ್ಟು ಕಳ್ಳನ್ನ ಬೈದ್ರೆ ಆಗುತ್ತಾ?" ಆಮೇಲೆ ಅಕ್ಕನ ಹೆಗಲ ಮೇಲಿನ ಚೀಲ ಕಂಡು ದನಿ ತಗ್ಗಿಸಿದರು. "ಇವತ್ತಿನ ಟ್ರೇ ಹೋದ್ರೆ ಹೋಯ್ತು. ಆದ್ರೆ ನಾಳೆ ಗಾಡಿ ಹೋಗೋವರೆಗೆ ಇನ್ನೊಂದು ಬಂದ್ರೆ ನನ್ನ ಕೈಲೂ ಆಗಲ್ಲಮ್ಮ."

"ಸರಿ" ಎಂದಳು ಅಕ್ಕ. ಚೀಲ ಹೆಗಲಿಂದ ಇಳಿಸಲಿಲ್ಲ, ಹಾಗೇ ಸ್ಟೂಲಿನ ಮೇಲೆ ಕೂತಳು. "ನಾಳೆ ತನಕ ನೋಡ್ತೀನಿ. ಕೋಳಿ ಹಿಡ್ಕೊಳ್ಳಲಾ?"

ಆಚೆ ಉಳಿದಿದ್ದ ಐದನ್ನೂ ಹಿಡಿದು ತಂದರು. ಈಗಾಗಲೇ ಗಿಡ್ಡವಾಗಿದ್ದ ರೆಕ್ಕೆಗಳಲ್ಲಿ ಎಡಗಡೆಯದರಿಂದ ಮಾತ್ರ, ಒಳಸಾಲಿನ ಗರಿಗಳಲ್ಲೂ ಒಂದಷ್ಟನ್ನು ತೆಗೆಯಬೇಕು ಎಂದು ಸಸಿಯಮ್ಮ ತೋರಿಸಿಕೊಟ್ಟಿದ್ದರು. ಎಡಗಡೆ ಮುಗಿದ ಮೇಲೆ ಮಾಸ್ಟರ ಕೈ ತಾನಾಗಿ ಬಲಗಡೆಗೆ ಹೋಯಿತು.

"ಪುಟ್ಟಾ" ಎಂದಳು ಅಕ್ಕ.

ಕೈ ಹಿಂದೆ ಬಂತು. ಎರಡನೆಯ ಕೋಳಿಗೂ ಹೀಗೇ ಆಯಿತು, ಮೂರನೆಯದಕ್ಕೂ. ಆರನೆಯದರ ಹೊತ್ತಿಗೆ ಅಕ್ಕ ಬಲ ರೆಕ್ಕೆಯನ್ನು ತನ್ನ ಅಂಗೈಯಿಂದ ಮುಚ್ಚಿಯೇ ಹಿಡಿದಿದ್ದಳು. ಆಮೇಲೆ ಪಟ್ಟಿ ಕಳಚಿ ಬಲೆಯ ಅಂಚನ್ನು ಜೋಲುಬಿಟ್ಟರು. ನೋಡಲಾಗಲಿಲ್ಲ, ಬೆನ್ನು ಹಾಕಿ ಮೇಜನ್ನು ನಡುಹಿತ್ತಲಿಗೆ ಎಳೆದರು.

ಶನಿವಾರ ಮಾಸ್ಟರು ಹೊಲಿಗೆಗೆಂದು ಕೂತರು. ಒಂದೇ ಪ್ಯಾಂಟಿನ ಅಂಚನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದರು. ಕಣ್ಣೆಲ್ಲ ಕಿಟಕಿಯ ಮೇಲೆ. ಅಕ್ಕ ನಲ್ಲಿಯ ಪಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅರ್ಧ ದಿನದ ಕೆಲಸ ಮುಗಿಸಿ ಬಂದ ಹೆಂಡತಿ ಅಕ್ಕನ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಂಡು ಕೂತಳು. ಆಚೆ ಗಾಡಿ ಬಂದು ನಿಂತ ಸದ್ದಾಯಿತು. ಟ್ರೇ ಎತ್ತಿಡುವವರ ಮಾತು, ಸಸಿಯಮ್ಮನವರ "ಮೆಲ್ಲಗೆ, ಮೆಲ್ಲಗೆ."

ಆಗ ದೊರೆಸಾನಿ ಮೇಜು ಹತ್ತಿದಳು.

ಗೋಡೆ ಈಗ ದೂರವಿತ್ತು. ಕತ್ತು ಓರೆ ಮಾಡಿ ಬಲೆ ನೋಡಿದಳು. ಕೂರಲು ಜಾಗ ಕಾಣಲಿಲ್ಲ. ಕತ್ತು ಇನ್ನೊಂದು ಕಡೆ ಓರೆ ಮಾಡಿ ನೋಡಿದಳು. ಯಂತ್ರದ ಮುಂದೆ ಮಾಸ್ಟರ ಕಾಲು ಪೆಡಲಿನ ಮೇಲೆ ನಿಂತಿತು. ದೊರೆಸಾನಿ ಎದ್ದಳು, ಎದ್ದವಳೇ ಎಡಕ್ಕೆ ವಾಲಿದಳು, ಬುಗುರಿಯಂತೆ ಒಂದು ಸುತ್ತು ತಿರುಗಿ ಬಟ್ಟೆ ತಂತಿಯ ಕೆಳಗೆ ದೊಪ್ಪನೆ ಬಿದ್ದಳು. ಧೂಳು ಕೊಡವಿಕೊಂಡು ಎದ್ದು, ಯಾರಾದರೂ ನೋಡಿದರೇ ಎಂಬಂತೆ ಸುತ್ತ ನೋಡಿ, ತಾನು ಬಂದದ್ದೇ ಇಲ್ಲಿ ನೆಲ ಕೆದಕಲು ಎನ್ನುವ ಗತ್ತಿನಲ್ಲಿ ಕೆದಕತೊಡಗಿದಳು. ಇನ್ನೊಮ್ಮೆ ಪ್ರಯತ್ನಿಸಿದಳು, ಇನ್ನೊಮ್ಮೆ ಬಿದ್ದಳು. ಉಳಿದ ಐದು ಕೋಳಿಗಳು ನಿಂಬೆ ಗಿಡದ ಕೆಳಗೆ ನಿಂತು ನೋಡಿದವು, ಯಾವುದೂ ಮೇಜಿನ ಹತ್ತಿರ ಸುಳಿಯಲಿಲ್ಲ.

ಗಾಡಿ ಹೊರಟುಹೋಯಿತು. ಸಸಿಯಮ್ಮ ಗೋಡೆಯಾಚೆಯಿಂದ, ಜೋಲುತ್ತಿದ್ದ ಬಲೆಯನ್ನು ಒತ್ತಿಹಿಡಿದು, ಒಂದು ಟ್ರೇ ಚಾಚಿದರು. "ಉಳಿದಿದ್ದು, ಟೊಮೇಟೊ. ನಿಮ್ಮ ಹಿತ್ತಲಲ್ಲೂ ಹಾಕ್ಕೊಳ್ಳಿ. ಕೋಳಿ ನಿಮ್ಮದನ್ನೇ ಕೆದಕಲಿ, ಆಗ ಗೊತ್ತಾಗುತ್ತೆ ಸಂಕಟ."

"ಮಾಡಿದ್ದುಣ್ಣೋ ಮಹಾರಾಯ ಅಂತೀರಿ" ಎಂದಳು ಮಾಸ್ಟರ ಹೆಂಡತಿ. ಇಬ್ಬರೂ ನಕ್ಕರು. ಅಕ್ಕ ಅಲ್ಲಿರಲಿಲ್ಲ, ಯಾವಾಗಲೋ ಎದ್ದು ಒಳಗೆ ಹೋಗಿದ್ದಳು.

ಸಂಜೆ ಬಿಸಿಲು ಇನ್ನೂ ಇದ್ದಾಗ ಮಾಸ್ಟರು ಗೂಡಿನ ಬಾಗಿಲು ಹಾಕಲು ಹೋದರು. ಆ ಬಾಗಿಲ ಚಿಲಕ ಬಂದ ದಿನದಿಂದಲೂ ಸಡಿಲ, ಕಲ್ಲು ಒತ್ತರಿಸಿ ನಿಲ್ಲಿಸುತ್ತಿದ್ದರು. ಇವತ್ತು ಕಲ್ಲಿರಲಿಲ್ಲ. ಬಾಗಿಲನ್ನು ಗಟ್ಟಿಯಾದ ಪಟ್ಟಿಯೊಂದರಿಂದ ಕಟ್ಟಿ ಗಂಟು ಹಾಕಿತ್ತು. ಕ್ಯಾನ್ವಾಸಿನ ಪಟ್ಟಿ. ತುದಿಯಲ್ಲಿ ಚೌಕ ಹೊಲಿಗೆ, ಚೌಕದೊಳಗೆ ಇಂಟು ಗುರುತು. ತನ್ನ ಕೈಯ ಹೊಲಿಗೆಯನ್ನು ಮಾಸ್ಟರು ಕಣ್ಣುಮುಚ್ಚಿ ಮುಟ್ಟಿದರೂ ಗುರುತಿಸುತ್ತಿದ್ದರು.

ಒಳಗೆ ಬಂದರು. ಅಕ್ಕನ ಕೋಣೆಯ ಬಾಗಿಲ ಹಿಂದೆ ಚೀಲ ಒಂದೇ ಹಿಡಿಯಲ್ಲಿ ಓರೆಯಾಗಿ ತೂಗುತ್ತಿತ್ತು. ಬೆನ್ನಿಗಂಟಿದ ಹೊಟ್ಟೆಯಂತೆ ಚಪ್ಪಟೆಯಾಗಿತ್ತು. ಬೀರುವಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಸಂದಿಯಲ್ಲಿ ಅಂಗಿಯ ತೋಳೊಂದು ಹೊರಗೆ ಸಿಕ್ಕಿಕೊಂಡಿತ್ತು.

ಅಕ್ಕ ಅಡುಗೆಮನೆಯಲ್ಲಿ ತಮ್ಮನ ಹೆಂಡತಿಯ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಅಕ್ಕ, ಚೀಲದ ಹಿಡಿ..."

"ಗೂಡಿನ ಬಾಗಿಲಿಗೆ ಬೇಕಿತ್ತು ಕಣೋ. ನಿನ್ನ ಹೊಲಿಗೆ ಎಂಥದೋ, ಬಿಚ್ಚೋಕೇ ಬರ್ಲಿಲ್ಲ. ದೊಡ್ಡ ಕತ್ತರೀಲಿ ಕತ್ತರಿಸಿದೆ. ಬೈಯಬೇಡ."

ಬೈಯುವ ಸ್ಥಿತಿಯಲ್ಲಿ ಮಾಸ್ಟರಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದರು. "ಇನ್ನೊಂದು ಹಿಡಿ ಹಾಕ್ಕೊಡ್ತೀನಿ ಬಿಡು. ಹಳೇದಕ್ಕೆ ಸರಿಸಮ ಮಾಡಿ."

"ಏನೂ ಬೇಡ." ಅಕ್ಕ ಬಟಾಣಿಯಿಂದ ತಲೆಯೆತ್ತಲಿಲ್ಲ. "ಒಂದೇ ಕಡೆ ಕತ್ತರಿಸ್ಬೇಕು ಅಂತ ಹೇಳಿದಾರಲ್ಲ."

"ವರ್ಷಕ್ಕೊಂದು ಸಲ ಗರಿ ಉದುರಿ ಹೊಸದು ಬರುತ್ತಂತೆ ಅತ್ತಿಗೆ" ಎಂದಳು ಮಾಸ್ಟರ ಹೆಂಡತಿ.

"ಬಂದಾಗ ನೋಡ್ಕೊಂಡ್ರಾಯ್ತು."

ಮಾಸ್ಟರು ಮತ್ತೆ ಆ ಕೋಣೆಗೆ ಹೋದರು. ಬೀರುವಿಗೆ ಸಿಕ್ಕಿಕೊಂಡಿದ್ದ ತೋಳನ್ನು ಮೆಲ್ಲಗೆ ಒಳಗೆ ತಳ್ಳಿ ಬಾಗಿಲು ಮುಚ್ಚಿದರು. ಆಮೇಲೆ ಚೀಲದ ಮುಂದೆ ನಿಂತು, ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. ಚೀಲ ಎಡಕ್ಕೆ ವಾಲಿತ್ತು, ಅಕ್ಕನ ಭುಜ ವಾಲಿದ್ದ ಕಡೆಗೇ. ಅವರು ಅದನ್ನು ನೇರ ಮಾಡಲಿಲ್ಲ.